ಕೈ ಚಾಚಿ ನಿಂತ ಎನ್ಸಿಯೊ

ಔಲು ನಗರದ ಒಂದು ರೇಡಿಯೊ ಪ್ರಯೋಗಾಲಯದಲ್ಲಿ ಎನ್ಸಿಯೊ ಕಾರ್ಪಿನೆನ್ ಹತ್ತೊಂಬತ್ತು ವರ್ಷ ಕೇಬಲ್ಲು ಸುತ್ತಿದ, ಬೆಸುಗೆ ಹಾಕಿದ, ಬಿಡುವಿದ್ದಾಗ ಮನುಷ್ಯನಾಗಿಯೂ ಕೆಲಸ ಮಾಡಿದ. ಎದೆಗೆ ಅಂಟಿಸಿದ ಪುಟ್ಟ ಬಿಲ್ಲೆ ಎದೆಬಡಿತವನ್ನು ತಂತಿಯಿಲ್ಲದೆ ಸೊಂಟದ ರಿಸೀವರಿಗೆ ಮುಟ್ಟಿಸುತ್ತದೆಯೇ ಎಂದು ನೋಡಲು ಸಂಶೋಧಕರಿಗೊಂದು ಮೈ ಬೇಕಿತ್ತು. ಎನ್ಸಿಯೊನದು ಪಕ್ಕದ ಕೋಣೆಯಲ್ಲೇ ಇತ್ತು. ಹಲಗೆಯಂತೆ ತೆಳ್ಳಗಿದ್ದ ಆ ಆಳನ್ನು, ರೇಡಿಯೊ ಅಲೆ ಮರಳಿ ಪುಟಿಯದಂತೆ ಗೋಡೆಗೆಲ್ಲ ಸ್ಪಂಜು ಮೆತ್ತಿದ ಕೋಣೆಯಲ್ಲಿ ಕೈ ಚಾಚಿಸಿ ನಿಲ್ಲಿಸಿದರು. ರಿಸೀವರ್ ನೂರಕ್ಕೆ ತೊಂಬತ್ತೊಂಬತ್ತು ಸಂದೇಶ ಹಿಡಿಯಿತು. ತಂಡದ ಮುಖ್ಯಸ್ಥೆ ಪೈವಿಕ್ಕಿ ಅದರ ಬಗ್ಗೆ ನಾಲ್ಕು ದೇಶಗಳಲ್ಲಿ ಭಾಷಣ ಮಾಡಿ ಬಂದಳು. ಮನುಷ್ಯಕುಲದ ಒಂದು ಸಮಸ್ಯೆ ಮುಗಿದಂತಾಯಿತು.

ಆಮೇಲೆ ಯಂತ್ರವನ್ನು ವೃದ್ಧಾಶ್ರಮಕ್ಕೆ ಒಯ್ದರು. ಅಲ್ಲಿ ಸಿಕ್ಕವಳು ಎಂಬತ್ತೊಂದರ ಹಿಲ್ಕಾ ಅಜ್ಜಿ. ತುಂಬು ಮೈ, ತೂಗುಕುರ್ಚಿಯಲ್ಲಿ ಕೈಕಟ್ಟಿ ಕೂರುವ ಅಭ್ಯಾಸ. ಅಜ್ಜಿ ಕೂತೊಡನೆ ಸಂಕೇತ ಮಾಯ. ರಿಸೀವರಿನ ಪ್ರಕಾರ ಅವಳು ಊಟದ ಹೊತ್ತಿಗೆ ಮೂರು ಸಲ ಸತ್ತಿದ್ದಳು.

ಪೈವಿಕ್ಕಿ ಬಹಳ ಯೋಚಿಸಿ, ಅಜ್ಜಿ ಸರಿಯಾಗಿ ಕೂರುತ್ತಿಲ್ಲ ಎಂಬ ತೀರ್ಮಾನಕ್ಕೆ ಬಂದಳು. ಎದ್ದು ನಿಂತು ಕೈ ಚಾಚುವಂತೆ ವಿನಯದಿಂದ ಕೇಳಿಕೊಂಡಳು.

"ನೋಡಮ್ಮಾ, ನಾನು ಹುಟ್ಟಿದಾಗಿಂದ ಹಿಂಗೇ ಕೂತಿರೋದು," ಎಂದಳು ಹಿಲ್ಕಾ. "ನಿನ್ನ ಡಬ್ಬಿಗೆ ಕಿವಿ ಕೇಳ್ಸಲ್ಲ, ನಂಗ್ಯಾಕೆ ಪಾಠ ಹೇಳ್ತೀಯ?"

ಯಂತ್ರದ ಜೊತೆ ಬಂದಿದ್ದ ಎನ್ಸಿಯೊನಿಗೆ ನಗು ಬಂತು, ಹಿಂದೆಯೇ ನಾಚಿಕೆ. ಹಾಗೆ ಕೈ ಚಾಚಿ ನಿಂತೇ ಬಾಳುವವರನ್ನು ಅವನು ಎಲ್ಲೂ ಕಂಡಿರಲಿಲ್ಲ. ಆದರೂ ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಮಡಿಸಿದ ತೋಳು, ಹೊಟ್ಟೆ ಅಡ್ಡ ಬಂದು ಸಂಕೇತವನ್ನು ನುಂಗುತ್ತಿದ್ದವು. ಅವನು ಇನ್ನೊಂದು ರಿಸೀವರನ್ನು ಅಜ್ಜಿಯ ಭುಜಕ್ಕೆ ಕಟ್ಟಿದ. ಎರಡರಲ್ಲಿ ಯಾವುದಕ್ಕೆ ಚೆನ್ನಾಗಿ ಕೇಳುತ್ತದೋ ಅದನ್ನು ನಂಬಿದರಾಯಿತು ಎಂದ.

"ಒಂದರ ಜಾಗದಲ್ಲಿ ಎರಡಿಡೋದು ಸೊಗಸಲ್ಲ ಎನ್ಸಿಯೊ."

"ಸೊಗಸಾಗಿ ಕೈ ಚಾಚಿ ನಿಲ್ಲೋಕೆ ನಾನಿದೀನಲ್ಲ, ಪೈವಿಕ್ಕಿ. ಕೂತು ಏಳೋರಿಗೆ ಎರಡು ಹಾಕು."

ಆ ವಾರ ಪೂರ್ತಿ ಅಜ್ಜಿ ಹೇಗೆ ಹೊರಳಿದರೂ ಸಂಕೇತ ತಪ್ಪಲಿಲ್ಲ. ವರ್ಷದೊಳಗೆ ಪೈವಿಕ್ಕಿಯ ಪ್ರಬಂಧ ಬಂತು, ಜೊತೆಗೆ ಬಹುಮಾನ. ಪ್ರಬಂಧದ ಪ್ರಕಾರ ಎರಡು ರಿಸೀವರಿನ ಉಪಾಯ ಆಳವಾದ ಗಣಿತದಿಂದ ಹುಟ್ಟಿತ್ತು. ಕೊನೆಯ ಪುಟದಲ್ಲಿ, ಕಟ್ಟಡಕ್ಕೆ ವಂದನೆ ಹೇಳಿದ ಸಾಲಿನ ಕೆಳಗೆ, ಎನ್ಸಿಯೊನ ಹೆಸರಿತ್ತು. ಒಂದಕ್ಷರ ತಪ್ಪಾಗಿ.

ಅವನಿಗೆ ಬೇಸರವಾಗದೆ ಇರಲಿಲ್ಲ. ಬಹುಮಾನ ಸಮಾರಂಭದ ದಿನ ಬ್ಯಾಟರಿ ಬದಲಿಸುವ ನೆಪ ಹೇಳಿ ವೃದ್ಧಾಶ್ರಮಕ್ಕೆ ಹೋದ. ಹಿಲ್ಕಾ ಕಾಫಿ, ಏಲಕ್ಕಿ ಬನ್ನು ಕೊಟ್ಟು ಇಸ್ಪೀಟು ಹಂಚಿದಳು. ನಾಲ್ಕು ಆಟ ಅವನು ಸೋತ. ಐದನೆಯದರಲ್ಲಿ ಎಲೆ ಕದ್ದಿದ್ದಾಳೆಂದು ಜಗಳ ತೆಗೆದ. ಅವಳು ಒಪ್ಪಲಿಲ್ಲ, ಮತ್ತೆ ಹಂಚಿದಳು.