ಬೀಗದವನ ಮನೆಗೆ ಬಂದ ನೆಂಟರು

ಬೀಗ ರಿಪೇರಿಯವನು ಆ ನಾಯಿಯನ್ನು ಮೊದಲು ಕಂಡದ್ದು ಕೆಲಸಕ್ಕೆ ಹೋದ ಕಡೆ. ಬಾಡಿಗೆಗಿದ್ದವರು ಹೇಳದೆ ಕೇಳದೆ ಮನೆ ಖಾಲಿ ಮಾಡಿ, ಬಾಗಿಲಿಗೆ ಬೀಗ ಜಡಿದು ಹೋಗಿದ್ದರು. ಮಾಲೀಕ ಇವನನ್ನು ಕರೆಸಿದ. ಬೀಗ ತೆಗೆದರೆ ಒಳಗೆ ಒಂದು ಕುರ್ಚಿ, ಒಂದು ಒಡೆದ ಬಕೆಟ್, ಮೂಳೆ ಚಕ್ಕಳವಾಗಿದ್ದ ಒಂದು ನಾಯಿ. ಮಾಲೀಕ ಕುರ್ಚಿ ಇಟ್ಟುಕೊಂಡ. ನಾಯಿಯನ್ನು ಪ್ರಾಣಿಗಳ ಆಶ್ರಯ ಕೇಂದ್ರದವರು ಒಯ್ದರು. ಬಿಟ್ಟು ಹೋದವರನ್ನು ಬೈಯುತ್ತ ಕೂತರೆ ಕಥೆ ಮುಂದೆ ಹೋಗುವುದಿಲ್ಲ, ಹಾಳಾಗಿ ಹೋಗಲಿ.

ಕೇಂದ್ರದಿಂದ ಆ ನಾಯಿ ಎರಡು ಮನೆಗೆ ಹೋಯಿತು, ಎರಡು ಕಡೆಯಿಂದಲೂ ವಾಪಸು ಬಂತು. ಸುದ್ದಿ ಕಿವಿಗೆ ಬಿದ್ದ ಮೇಲೆ ಬೀಗದವನಿಗೆ ಸುಮ್ಮನಿರಲು ಆಗಲಿಲ್ಲ. ಹೋಗಿ ಕೇಳಿದ. ಕೇಂದ್ರದ ಮೇಡಂ ಕಡ್ಡಿ ಮುರಿದ ಹಾಗೆ ಹೇಳಿದರು: "ಈ ಸಲಾನೂ ಹೊಂದಿಕೊಳ್ಳದಿದ್ರೆ ಇದನ್ನ ಇನ್ಯಾರೂ ಕೇಳಲ್ಲ. ತಿಂಗಳು ಬಿಟ್ಟು ಬಂದು ನೋಡ್ತೀನಿ. ಸರಿಹೋಗಿಲ್ಲ ಅಂದ್ರೆ ಕರ್ಕೊಂಡು ಹೋಗ್ತೀನಿ. ಬೇಜಾರು ಮಾಡ್ಕೋಬೇಡಿ."

ನಾಯಿ ಬರುವ ಮುಂಚೆ ಅವನು ಗೇಟಿಗೆ ಹೊಸ ಚಿಲಕ, ಅಡುಗೆಮನೆಗೆ ಹೊಸ ಬೋಲ್ಟು, ಹಿತ್ತಲ ಬಾಗಿಲಿಗೆ ಇನ್ನೊಂದು ಬೀಗ ಹಾಕಿದ. ಪ್ರೀತಿ ತೋರಿಸಲು ಅವನಿಗೆ ಗೊತ್ತಿದ್ದದ್ದು ಅದೊಂದೇ. ಮದುವೆಯಾದ ಹೊಸತರಲ್ಲಿ ಹೆಂಡತಿಗೂ ಒಂದು ಒಳ್ಳೆ ಬೀಗ ಕೊಟ್ಟಿದ್ದ. ಅವಳು ಅದನ್ನು ಇನ್ನೂ ಮರೆತಿರಲಿಲ್ಲ.

ನಾಯಿ ಬಂದದ್ದೇ ಮಂಚದ ಕೆಳಗೆ ಸೇರಿಕೊಂಡಿತು. ಯಾರೂ ಇಲ್ಲದಾಗ ನಾಲ್ಕು ತುತ್ತು ತಿಂದು ಮತ್ತೆ ಅಲ್ಲಿಗೇ. ಮಲಗುತ್ತಲೂ ಇರಲಿಲ್ಲ, ಕೂತೇ ತೂಕಡಿಸುತ್ತಿತ್ತು. ಬೀಗದವನ ತಾಯಿ ಅದಕ್ಕೆ ಹೆಸರಿಡಲು ಬಿಡಲಿಲ್ಲ. "ಇರ್ತಾರೋ ಹೋಗ್ತಾರೋ ಮೊದಲು ಗೊತ್ತಾಗಲಿ" ಎಂದು, ಅದನ್ನು ನೆಂಟರು ಎಂದೇ ಕರೆದರು. "ನಿಮ್ಮ ನೆಂಟರು ಇವತ್ತೂ ಊಟ ಬಿಟ್ರು ಕಣೋ."

ಅದಕ್ಕೆ ಯಾರ ಭಯ ಎಂದು ಮನೆಯಲ್ಲಿ ಪಂಚಾಯಿತಿಯಾಯಿತು. ಹೆಂಡತಿ ಮಿಕ್ಸಿ ಹಾಕುವುದನ್ನು ಬಿಟ್ಟಳು. ಮಗಳು ಫೋನಿನಲ್ಲಿ ಪಿಸುಗುಟ್ಟತೊಡಗಿದಳು, ಅದರಿಂದ ಮನೆಯವರಿಗೆ ಬೇರೆ ಅನುಮಾನ ಬಂತು. ತಾಯಿ ಕೆಮ್ಮು ಬಂದರೆ ಬೀದಿಗೆ ಹೋಗಿ ಕೆಮ್ಮಿ ಬರುತ್ತಿದ್ದರು. ಬೀಗದವನು ಮಾತ್ರ ಎಂದಿನಂತೆ ಸಂಜೆ ಅಂಗಡಿಯಿಂದ ಬಂದು, ಒಂದೊಂದೇ ಬೀಗ ಹಾಕಿ, ಜಗ್ಗಿ ನೋಡಿ, ಎಣ್ಣೆ ಬಿಟ್ಟು, ಇನ್ನೊಮ್ಮೆ ಹಾಕಿ ತೆಗೆದು, ನಾಯಿ ಯಾಕೆ ಹೀಗೆ ಎಂದು ತಲೆ ಕೆಡಿಸಿಕೊಳ್ಳುತ್ತಿದ್ದ.

ಒಂದು ಸಂಜೆ ಗಿರಾಕಿಯೊಬ್ಬರ ದೊಡ್ಡ ಬೀಗವನ್ನು ಮನೆಗೇ ತಂದು ಬಿಚ್ಚಿ ಕೂತಿದ್ದ. ಸರಿಹೋಯಿತು. ಖುಷಿಯಲ್ಲಿ ಒತ್ತಿದ. ಟಕ್. ಮಂಚದ ಕೆಳಗಿನಿಂದ ಉಚ್ಚೆ ಹರಿದು ಬಂತು. ಬಗ್ಗಿ ನೋಡಿದರೆ ನಾಯಿ ಗಡಗಡ ನಡುಗುತ್ತಿದೆ.

ಅವನಿಗೆ ಆಗ ಹೊಳೆಯಿತು. ಆ ಖಾಲಿ ಮನೆಯಲ್ಲಿ, ಬಿಟ್ಟು ಹೋದವರಿಂದ ಅದು ಕೊನೆಗೆ ಕೇಳಿಸಿಕೊಂಡ ಸದ್ದು ಇದೇ. ಅವನಿಗೆ ಬೀಗ ಎಂದರೆ ತೆಗೆಯುವುದು, ಅನ್ನ ಕೊಡುವುದು. ಹೊರಗಿನಿಂದ ಅದನ್ನು ಹಾಕಿದಾಗ ಒಳಗೆ ಉಳಿದವರಿಗೆ ಹೇಗೆ ಕೇಳಿಸುತ್ತದೆ ಎಂದು ಇಷ್ಟು ವರ್ಷ ಯೋಚಿಸಿಯೇ ಇರಲಿಲ್ಲ. ದಿನಾ ಸಂಜೆ ತಾನೇ ಆ ಪ್ರಾಣಿಯ ಜೀವ ತೆಗೆಯುತ್ತಿದ್ದೆನಲ್ಲ ಎಂದು ನೆಲ ಒರೆಸುತ್ತ ಅತ್ತುಬಿಟ್ಟ.

ಮರುದಿನ ಅಂಗಡಿಗೆ ಹೋಗಲಿಲ್ಲ. ಸ್ಕ್ರೂಡ್ರೈವರ್ ಹಿಡಿದು ಬೀಗ, ಬೋಲ್ಟು, ಚಿಲಕ ಎಲ್ಲ ಕಿತ್ತ. ಬಾಗಿಲುಗಳ ತುಂಬ ತೂತು ಉಳಿದವು. ಮುಂಬಾಗಿಲು ತಾನಾಗಿ ತೆರೆಯದಂತೆ ಸಂದಿಗೆ ಹಳೆ ಬಟ್ಟೆ ಸಿಕ್ಕಿಸಿದ.

"ಲೋ, ಬೀಗದವನ ಮನೆಗೇ ಬೀಗ ಇಲ್ಲ ಅಂದ್ರೆ ನಿನ್ನ ಅಂಗಡಿಗೆ ಯಾರೋ ಬರ್ತಾರೆ?" ಎಂದರು ತಾಯಿ.

"ಬರದಿದ್ರೆ ಬಿಡಲಿ."

"ರೀ, ಕಳ್ಳ ಬಂದ್ರೆ?" ಎಂದಳು ಹೆಂಡತಿ.

"ಬರಲಿ. ಅವನ ಕೈಯಲ್ಲಾದ್ರೂ ಇದು ಊಟ ಮಾಡುತ್ತೋ ನೋಡೋಣ."

ಕಳ್ಳ ಬರಲಿಲ್ಲ. ನಾಯಿ ಮಾತ್ರ ಮೆಲ್ಲಗೆ ಮಂಚದ ಕೆಳಗಿನಿಂದಾಚೆ ಬಂತು. ಬಟ್ಟಲು ಖಾಲಿ ಮಾಡತೊಡಗಿತು. ತೊಂದರೆಯಾದದ್ದು ಬಚ್ಚಲಿನದು. ಒಳಗಿದ್ದವರು ಕೆಮ್ಮುತ್ತಲೇ ಇರಬೇಕಾಯಿತು, ತಾಯಿಗೆ ಅಷ್ಟು ದಿನದ ಬಾಕಿ ಕೆಮ್ಮು ಉಪಯೋಗಕ್ಕೆ ಬಂತು. ಆದರೂ ನಾಯಿ ಮಲಗಲಿಲ್ಲ. ಬಾಗಿಲನ್ನೇ ನೋಡುತ್ತ ಕೂತಿರುತ್ತಿತ್ತು. ಕಣ್ಣು ಮುಚ್ಚಿದರೆ ಯಾರಾದರೂ ಹೊರಟುಬಿಟ್ಟಾರು ಎಂಬ ಹಾಗೆ.

ಮೇಡಂ ಬರುವ ದಿನ ಬಂತು. ಬಚ್ಚಲಿಗೊಂದು ಪರದೆಯಾದರೂ ಇಲ್ಲದಿದ್ದರೆ ಮರ್ಯಾದೆ ಹೋಗುತ್ತದೆ ಎಂದು ಹೆಂಡತಿ ಹಟ ಹಿಡಿದಳು. ಬಣ್ಣದ ವಿಷಯದಲ್ಲಿ ಯಾರಿಗೂ ಯಾರ ಮೇಲೂ ನಂಬಿಕೆ ಇರಲಿಲ್ಲವಾದ್ದರಿಂದ ನಾಲ್ವರೂ ಪೇಟೆಗೆ ಹೊರಟರು. ನಾಯಿ ಒಂದನ್ನೇ ಬಿಟ್ಟದ್ದು ಅದೇ ಮೊದಲು. ದಾರಿಯುದ್ದಕ್ಕೂ ಬೀಗದವನಿಗೆ ಜೀವ ಕೈಯಲ್ಲಿ. ತೆರೆದ ಮನೆ, ಓಡಿಹೋಗಿದ್ದರೆ?

ತಿರುಗಿ ಬಂದಾಗ ಮೇಡಂ ಮೆಟ್ಟಿಲ ಮೇಲೆ ನಿಂತಿದ್ದರು. "ಬೀಗ ಹಾಕ್ಕೊಂಡು ಹೋಗಿದ್ದೀರಲ್ಲ!"

"ನಮ್ಮನೇಲಿ ಬೀಗವೇ ಇಲ್ಲ" ಎಂದು ಬೀಗದವನು ಬಾಗಿಲು ತಳ್ಳಿದ. ಅದು ಅಲ್ಲಾಡಲಿಲ್ಲ.

ಮಗಳು ಕಿಟಕಿಯಲ್ಲಿ ಇಣುಕಿ, ಬಾಯಿಗೆ ಕೈ ಅಡ್ಡ ಹಿಡಿದಳು. ಎಲ್ಲರೂ ಹೋಗಿ ಇಣುಕಿದರು. ಬಾಗಿಲಿಗೆ ಬೆನ್ನೊತ್ತಿಕೊಂಡು ನಾಯಿ ಮಲಗಿತ್ತು. ನಾಲ್ಕೂ ಕಾಲು ಚಾಚಿ, ಬಾಯಿ ಅರ್ಧ ತೆರೆದು, ಹೊಟ್ಟೆ ಏರಿಳಿಯುವಂತೆ ಗೊರಕೆ ಹೊಡೆಯುತ್ತಿತ್ತು.

"ಒಂದ್ಸಲ ತಟ್ಟಿ ನೋಡಿ, ಏಳುತ್ತೆ" ಎಂದರು ಮೇಡಂ.

"ಯಾರೂ ಬಾಗಿಲು ಮುಟ್ಟಕೂಡದು!" ತಾಯಿ ಪಿಸುದನಿಯಲ್ಲೇ ಗದರಿದರು. "ಮಗು ಈಗ ಮಲಗಿದೆ."

ಮೇಡಂ ಬೀಗದವನ ಹೆಂಡತಿಯ ಮುಖ ನೋಡಿದರು, ಅವನ ಮುಖ ನೋಡಿದರು. ಆಮೇಲೆ ಬ್ಯಾಗಿನೊಳಗಿಂದ ಅರ್ಧ ಇಣುಕುತ್ತಿದ್ದ ನಾಯಿಯ ಹಗ್ಗವನ್ನು ಒಳಗೆ ತುರುಕಿ, "ಹೆಸರೇನಿಡ್ತೀರೋ ಫೋನ್ ಮಾಡಿ ಹೇಳಿ" ಎಂದು ಹೊರಟುಹೋದರು.

ಉಳಿದವರು ಪರದೆಯ ಪೊಟ್ಟಣ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು. ಬೀದಿಯಲ್ಲಿ ಹೋಗುತ್ತಿದ್ದ ಹಾಲಿನವನು ಸೈಕಲ್ ನಿಲ್ಲಿಸಿದ.

"ಏನಣ್ಣಾ, ನಿನಗೇ ಬಾಗಿಲು ತೆಗೆಯೋಕೆ ಬರ್ತಿಲ್ವಾ?"

"ಒಳಗೆ ನಮ್ಮನೆಯವರು ಒಬ್ಬರು ಮಲಗಿದ್ದಾರೆ" ಎಂದ ಬೀಗದವನು. "ಮೆಲ್ಲಗೆ ಮಾತಾಡು."