ಮೊದಲ ಮಹಡಿಯ ಕ್ರೋಟನ್ ಗಿಡ

ಮಗಳ ಮನೆ ಶಿವಮೊಗ್ಗದ ವಿನೋಬನಗರದಲ್ಲಿ, ಎರಡನೇ ಮಹಡಿ. ನಾನು ಪ್ರತಿ ಸೋಮವಾರ ಭದ್ರಾವತಿಯಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಮೊದಲ ಮಹಡಿಯಲ್ಲಿ ಯಾರದೋ ಕ್ರೋಟನ್ ಕುಂಡ ಇದೆ. ನಾಲ್ಕು ತಿಂಗಳು ಅದರ ಮುಂದೆ ನಿಂತು ಎಲೆ ನೋಡಿದೆ. (ಗಿಡದ ಒಡತಿ "ಒಂದು ಕಡ್ಡಿ ಮುರ್ಕೊಡ್ಲಾ ಅಮ್ಮ?" ಎಂದು ಕೇಳಿಯೂ ಆಯಿತು.)

ನಿಜ ಏನೆಂದರೆ, ಅಷ್ಟು ಹತ್ತುವುದರೊಳಗೆ ನನಗೆ ಏದುಸಿರು. ಹೇಳಿದರೆ ಮಗಳು ಬಸ್ಸು ಹತ್ತಲು ಬಿಡುವುದಿಲ್ಲ. ಮೊಮ್ಮಗಳು ಸಿಂಚನಾ ಸಿಗುವುದೇ ವಾರಕ್ಕೊಂದು ದಿನ. ಹಾಗಾಗಿ ಗಿಡ.

ಒಂದು ದಿನ ನನ್ನ ಮನೆಯ ಟ್ಯಾಂಕಿಗೆ ನೀರು ಏರಲಿಲ್ಲ. ಸಿಂಚನಾಳ ಅಜ್ಜ ಇದ್ದಾಗ ಹಾಕಿಸಿದ ಮೋಟಾರು. ಮಲವಗೊಪ್ಪದಿಂದ ಮೆಕ್ಯಾನಿಕ್ ಬಾಷಾ ಬಂದರು.

"ಯಾವಾಗಿಂದ ಹಿಂಗೆ?"

"ನೀರು ನಿಧಾನ ಆಗಿ ಬಹಳ ದಿನ ಆಯ್ತಪ್ಪ. ಮೋಟಾರ್ ಶಬ್ದ ಬರ್ತಿತ್ತಲ್ಲ, ಸುಮ್ನಿದ್ದೆ."

"ಶಬ್ದ ಕುಡಿತೀರಾ ಅಮ್ಮ?"

ಸಂಪಿನಿಂದ ಪೈಪ್ ಎತ್ತಿ ತುದಿಯ ವಾಲ್ವ್ ತೋರಿಸಿದರು. "ಮೇಲೆ ಹೋದ ನೀರು ವಾಪಸ್ ಬರ್ಬಾರ್ದು ಅಂತ ಈ ಬಾಗ್ಲು. ಇದು ಸರಿಯಾಗಿ ಮುಚ್ಕೊಳ್ತಿಲ್ಲ. ಮೋಟಾರ್ ಪಾಪ, ಒದ್ದಾಡ್ತಾ ಇದೆ."

ಮುಂದಿನ ಸೋಮವಾರ ನಾನು ಹೋದಾಗ, ಸಿಂಚನಾಗೆ ಮರುದಿನ ಸೈನ್ಸ್ ಟೆಸ್ಟ್. ನನ್ನೆದುರು ಜೋರಾಗಿ ಓದುತ್ತಿದ್ದಳು.

"ಹಾರ್ಟ್‌ನ ಬಲಗಡೆ ರಕ್ತನ ಶ್ವಾಸಕೋಶಕ್ಕೆ ಕಳ್ಸತ್ತೆ ಅಜ್ಜಿ. ಅಲ್ಲಿ ಆಕ್ಸಿಜನ್ ತಗೊಂಡು ಎಡಗಡೆಗೆ ಬರತ್ತೆ. ಎಡಗಡೆ ಅದನ್ನ ಮೈಗೆಲ್ಲ ತಳ್ಳತ್ತೆ."

"ತಳ್ಳಿದ್ದು ವಾಪಸ್ ಬಂದ್ರೆ?"

"ಬರಲ್ಲ. ವಾಲ್ವ್ ಇದ್ಯಲ್ಲ!"

ಹೃದಯಕ್ಕೂ ವಾಲ್ವೇ? ಕುಂಸಿಯ ಶಾಲೆಯಲ್ಲಿ ನನಗೆ ಯಾರೂ ಹೇಳಿರಲಿಲ್ಲ.

"ಅದು ಸರಿಯಾಗಿ ಮುಚ್ಕೊಳ್ದಿದ್ರೆ?"

ಅವಳು ಪುಟ ತಿರುವಿ ನೋಡಿದಳು. "ಅದು ಸಿಲೆಬಸ್‌ನಲ್ಲಿಲ್ಲ."

ಅಡುಗೆಮನೆಗೆ ಹೋಗಿ ಮಗಳಿಗೆ ಏದುಸಿರಿನ ವಿಷಯ ಹೇಳಿದೆ. ಅವಳು ಸ್ಟೌವ್ ಆರಿಸಿದಳು.

ಡಾಕ್ಟರು ಹೃದಯದ ಸ್ಕ್ಯಾನ್ ಮಾಡಿ ಸ್ಕ್ರೀನಿನಲ್ಲಿ ತೋರಿಸಿದರು. ಪುಟ್ಟ ಬಾಗಿಲೊಂದು ತೆರೆದು ಮುಚ್ಚುತ್ತಿತ್ತು, ಪೂರ್ತಿ ಮುಚ್ಚುತ್ತಿರಲಿಲ್ಲ. "ವಾಲ್ವ್ ಲೀಕ್ ಇದೆ. ಸದ್ಯಕ್ಕೆ ಮಾತ್ರೆ ಸಾಕು. ಎಷ್ಟು ದಿನದಿಂದ ಏದುಸಿರು?"

"ನಾಲ್ಕು ತಿಂಗಳು."

"ಮತ್ತೆ ಇಷ್ಟು ದಿನ ಏನ್ ಮಾಡ್ತಿದ್ರಿ?"

"ಗಿಡ ನೋಡ್ತಿದ್ದೆ."

ನಾನು ಹೆದರಿದ್ದೇ ಆಯಿತು. ಮಗಳು ಸೋಮವಾರದ ಬಸ್ಸು ನಿಲ್ಲಿಸಿದಳು. ಈಗ ಭಾನುವಾರ ಅವರಿಬ್ಬರೂ ಭದ್ರಾವತಿಗೆ ಬರುತ್ತಾರೆ. ನನ್ನ ಮನೆಗೆ ಮೆಟ್ಟಿಲಿಲ್ಲ. ನಾಲ್ಕು ತಿಂಗಳ ಹಿಂದೆಯೇ ಇದು ಯಾರಿಗೂ ಯಾಕೆ ಹೊಳೆಯಲಿಲ್ಲ? (ನನಗೂ ಹೊಳೆಯಲಿಲ್ಲ.)

ಮಕ್ಕಳೇ, ನಿಮ್ಮ ಅಜ್ಜಿ ಮೆಟ್ಟಿಲ ಮೇಲೆ ಯಾವ ಗಿಡ ನೋಡುತ್ತಾ ನಿಲ್ಲುತ್ತಾರೆ?