ಕೊಡ ತೆಗೆಯುವ ಮುಳುಗುಗಾರ

ದುಬೈದಾಗ ನನ್ನ ಜೋಡಿ ವೆಲ್ಡಿಂಗ್ ಮಾಡುತ್ತಿದ್ದ ಫಿಲಿಪೀನ್ಸಿನ ರಮೋನ, ಶುಕ್ರವಾರದ ಸೂಟಿ ಬಂತೆಂದರೆ ಸಮುದ್ರದ ತಳ ನೋಡಿ ಬರುತ್ತಿದ್ದ. ಶ್ರೀಮಂತರ ಈ ಶೋಕಿ ಅವನಿಗೆ ಹ್ಯಾಂಗ ಎಟುಕಿತು ಅಂತೀರಿ? ಡೈವಿಂಗ್ ಅಂಗಡಿಯವರ ಗಾಳಿ ಸಿಲಿಂಡರ್ ತೊಳೆದು ಕೊಡುತ್ತಿದ್ದ. ಅದಕ್ಕೆ ಪಗಾರ, ಒಂದು ಮುಳುಗು.

“ನಾನೂ ಹುಮನಾಬಾದಿನ ನಾಮಾಂಕಿತ ಮುಳುಗುಗಾರನಪಾ! ಬಸವಕಲ್ಯಾಣದ ಸೋದರಮಾವನ ಬಾವ್ಯಾಗ ಒಂದೇ ಉಸಿರಿಗೆ ಪಾತಾಳ ಮುಟ್ಟಿ, ಬಿದ್ದ ಕೊಡ ತರ್ತಿದ್ದೆ,” ಎಂದೆ.

“ಪಗಾರ?”

“ಮಾವನ ಮಗಳ ನಗಿ. ಆಕಿ ಬೇಕಂತಲೇ ಕೊಡ ಬಿಡ್ತಿದ್ಲು. ಈಗ ನನ್ನ ಹೆಂಡ್ತಿ.”

ಅಂದೇ ತವರಿನಲ್ಲಿದ್ದ ಆಕೆಗೆ ಫೋನ್ ಹಚ್ಚಿದೆ.

“ಮನಿಗೆ ನಳದ ನೀರು ಬಂದದ. ಬಾವಿ ಕಡೆ ಯಾರೂ ಹೋಗಂಗಿಲ್ರಿ,” ಎಂದಳು. “ಆದ್ರೂ ನಿನ್ನೆ ಒಂದು ಕೊಡ ಬಿಟ್ಟೀನಿ. ಯಾವಾಗ ಬರ್ತೀರಿ?”

ಊರಿಗೆ ಹೋಗುವ ರಜೆಗೆ ಇನ್ನೂ ವರ್ಷವಿತ್ತು. ಮುಂದಿನ ಶುಕ್ರವಾರದಿಂದ ನಾನೂ ಸಿಲಿಂಡರ್ ತೊಳೆಯಲು ಕೂತೆ. ಅಲ್ಲೀತನಕ ಮುಳುಗುವ ರೂಢಿ ತಪ್ಪಬಾರದಲ್ಲ!